ಹಾರುವ ಓತಿಯ ಕುಲ

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿಯನ್ನು ಹೊರತಂದ. ಪ್ರಾಣಿಗಳ ಶಾಸ್ತ್ರೀಯ ಹೆಸರುಗಳ ಲೆಕ್ಕ ಶುರುವಾಗುವುದು ಆ ಪುಸ್ತಕದಿಂದಲೇ. ಅದಕ್ಕೂ ಹಿಂದಿನ ಹೆಸರುಗಳಿಗೆ ಇಂದು ಮಾನ್ಯತೆಯಿಲ್ಲ. ಕಾಲುಳ್ಳ ಸರೀಸೃಪಗಳನ್ನೂ ಉಭಯವಾಸಿಗಳನ್ನೂ ಒಟ್ಟುಗೂಡಿಸಿ ಅವನು ಅಲ್ಲಿ ಮಾಡಿದ್ದು ನಾಲ್ಕೇ ನಾಲ್ಕು ಕುಲ. ಆಮೆಗಳದು ಒಂದು, ಕಪ್ಪೆಗಳದು ಒಂದು. ಮೂರನೆಯದು 'ಲ್ಯಾಸರ್ಟ'. ಹಲ್ಲಿ, ಉಡ, ಗೋಸುಂಬೆ ಎಲ್ಲವೂ ಅದರೊಳಗೆ, ಮೊಸಳೆಯೂ ಅದರೊಳಗೆ, ಹಲ್ಲಿಗಳ ಪೈಕಿಯೇ ಅಲ್ಲದ, ಕಪ್ಪೆಗೆ ಹತ್ತಿರದ ಸಾಲಮಾಂಡರ್ ಕೂಡ ಅದರೊಳಗೆ. ನಾಲ್ಕನೆಯ ಕುಲವನ್ನು ಅವನು ಗೇಣುದ್ದದ ಒಂದು ಓತಿಗಾಗಿ ಮೀಸಲಿಟ್ಟ. ಅದರ ಹೆಸರು 'ಡ್ರಾಕೋ'. ನಮ್ಮ ಮಲೆನಾಡಿನ ತೋಟಗಳಲ್ಲಿ ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲಿಹೋಗುವ ಹಾರುವ ಓತಿ ಇಂದಿಗೂ ಆ ಕುಲದ್ದೇ.

ಮೊಸಳೆಗೂ ಸಾಲಮಾಂಡರಿಗೂ ನಡುವೆ ಗೆರೆ ಎಳೆಯಬೇಕೆಂದು ಅನ್ನಿಸದವನಿಗೆ ಓತಿಯೊಂದರ ಪಕ್ಕೆಯ ತೆಳುಪೊರೆ ಪ್ರತ್ಯೇಕ ಕುಲಕ್ಕೆ ಸಾಕೆನಿಸಿತು. ಇದು ಬರೀ ಹಳೆಯ ಕಾಲದ ಅಜ್ಞಾನವಾಗಿದ್ದರೆ ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಲ್ಯಾಸರ್ಟ ಎಂಬ ಆ ದೊಡ್ಡ ಗುಂಪು ಒಡೆದು ಚೂರಾಗಿದೆ. ಅವಸರದಲ್ಲಿ ಕಟ್ಟಿದಂತೆ ಕಾಣುವ ಡ್ರಾಕೋ ಇಂದಿಗೂ ಇಡಿಯಾಗಿ ಉಳಿದಿದೆ. ಅದು ಯಾಕೆ ಉಳಿಯಿತು, ಅದರೊಳಗಿನ ಪ್ರಭೇದಗಳು ಯಾಕೆ ಮತ್ತೆ ಮತ್ತೆ ಕಲಸಿಹೋದವು ಎಂದು ಹುಡುಕುತ್ತ ಹೋದರೆ ವರ್ಗೀಕರಣ ಎಂಬ ವಿದ್ಯೆಯ ಮೂಲಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಕುಲ ಎಂದರೆ ನಮ್ಮ ಅನುಕೂಲಕ್ಕೆ ನಾವು ಮಾಡಿಕೊಂಡ ಗೂಡೋ, ಅಥವಾ ಜೀವಿಗಳ ವಂಶದ ಬಗ್ಗೆ ನಾವು ಮಾಡುವ, ಸುಳ್ಳೆಂದು ಸಾಬೀತಾಗಬಹುದಾದ ಒಂದು ಪ್ರತಿಪಾದನೆಯೋ? ಎರಡನೆಯದೇ ಸರಿ ಎಂದು ನಾನು ನಂಬುತ್ತೇನೆ. ಈ ಓತಿಯ ಇತಿಹಾಸದಷ್ಟು ಸ್ಪಷ್ಟವಾಗಿ ಅದನ್ನು ತೋರಿಸಿಕೊಡುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಡ್ರಾಕೋ ಎಂಬ ಹೆಸರು ಲಿನೇಯಸ್ಸಿನ ಪುಸ್ತಕವನ್ನು ಹೊಕ್ಕದ್ದು 1758ರಲ್ಲಲ್ಲ, 1735ರಲ್ಲಿ. ಅದೂ ಅನುಮಾನಾಸ್ಪದ ಜೀವಿಗಳ ಪಟ್ಟಿಯೊಳಗೆ. ಮೊದಲ ಆವೃತ್ತಿಯಲ್ಲಿ ಅವನು 'ಪ್ಯಾರಡಾಕ್ಸಾ' ಎಂಬ ವಿಭಾಗವೊಂದನ್ನು ಮಾಡಿ, ಜನ ಇದೆಯೆಂದು ನಂಬಿದ್ದ, ತನಗೆ ನಂಬಿಕೆ ಬಾರದ ಪ್ರಾಣಿಗಳನ್ನೆಲ್ಲ ಅದರೊಳಗೆ ಹಾಕಿದ್ದ. ಹಲವು ತಲೆಯ ಹೈಡ್ರಾ, ಒಂಟಿಕೊಂಬಿನ ಕುದುರೆ, ಬೂದಿಯಿಂದ ಏಳುವ ಫೀನಿಕ್ಸ್ ಇವುಗಳ ಸಾಲಿನಲ್ಲೇ ಡ್ರಾಕೋ ಇತ್ತು. ಹಾವಿನ ಮೈ, ಬಾವಲಿಯಂಥ ರೆಕ್ಕೆಯ ಈ ಪ್ರಾಣಿ ನಿಜಕ್ಕೂ ರೆಕ್ಕೆಯುಳ್ಳ ಹಲ್ಲಿಯಾಗಿರಬೇಕು, ಇಲ್ಲವಾದರೆ ತೊರಕೆ ಮೀನನ್ನು ವಿಕಾರವಾಗಿ ರೂಪಿಸಿ ಒಣಗಿಸಿದ ನಕಲಿಯಾಗಿರಬೇಕು ಎಂಬುದು ಅವನ ಟಿಪ್ಪಣಿಯ ತಾತ್ಪರ್ಯ. ಆ ಅನುಮಾನಕ್ಕೆ ಕಾರಣವಿತ್ತು. ಅದೇ ವರ್ಷ ಹ್ಯಾಂಬರ್ಗ್ ನಗರದಲ್ಲಿ ಅವನಿಗೆ ಏಳು ತಲೆಯ ಹೈಡ್ರಾವೊಂದನ್ನು ತೋರಿಸಿದ್ದರು. ಭಾರೀ ಬೆಲೆಯ ವಸ್ತು. ಲಿನೇಯಸ್ ಹತ್ತಿರದಿಂದ ಪರೀಕ್ಷಿಸಿ, ಅದು ಮುಂಗುಸಿ ಗಾತ್ರದ ವೀಸೆಲ್ ಪ್ರಾಣಿಗಳ ದವಡೆ, ಪಾದಗಳಿಗೆ ಹಾವಿನ ಚರ್ಮ ಅಂಟಿಸಿ ಮಾಡಿದ್ದೆಂದು ಬಯಲು ಮಾಡಿದ. ಬೆಲೆ ಬಿದ್ದುಹೋದ ಮಾಲೀಕರ ಸಿಟ್ಟಿಗೆ ಹೆದರಿ ಊರು ಬಿಟ್ಟು ಹೊರಟ. ಆಮ್‌ಸ್ಟರ್‌ಡಾಮಿನ ಔಷಧ ವ್ಯಾಪಾರಿ ಆಲ್ಬರ್ಟಸ್ ಸೇಬಾ 1734ರಲ್ಲಿ ಪ್ರಕಟಿಸಿದ ತನ್ನ ಸಂಗ್ರಹದ ಚಿತ್ರಸಂಪುಟದಲ್ಲಿ ಆ ಹೈಡ್ರಾವೂ ಇತ್ತು, ಹಾರುವ ಓತಿಯೂ ಇತ್ತು. ಒಂದು ಸುಳ್ಳು, ಒಂದು ನಿಜ. ಕಾಗದದ ಮೇಲೆ ನೋಡಿದವರಿಗೆ ಎರಡೂ ಒಂದೇ ಬಗೆಯ ಅಚ್ಚರಿ.

ಇಪ್ಪತ್ತಮೂರು ವರ್ಷಗಳಲ್ಲಿ ಆ ಓತಿ ಅನುಮಾನದ ಪಟ್ಟಿಯಿಂದ ಬಿಡುಗಡೆಯಾಗಿ ಸ್ವಂತ ಕುಲವನ್ನೇ ಪಡೆಯಿತು. ಹಾಗೆ ಪಡೆಯುವಾಗ ರೆಕ್ಕೆಯ ಬೆರಗು ಅದರ ಬೆನ್ನಿಗೇ ಬಂತು. ರೆಕ್ಕೆಯೊಂದನ್ನು ಬಿಟ್ಟು ನೋಡಿದರೆ ಅದು ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತದ ಹತ್ತಿರದ ನೆಂಟ. ಇಂದಿನ ವರ್ಗೀಕರಣ ಇವೆರಡನ್ನೂ ಅಗಾಮಿಡೇ ಕುಟುಂಬದ ಡ್ರಾಕೋನಿನೇ ಎಂಬ ಒಂದೇ ಉಪಕುಟುಂಬದಲ್ಲಿ ಇಡುತ್ತದೆ. ಇದನ್ನು ಓತಿಗಳ ಪೈಕಿಯೇ ಒಂದೆಂದು ಎಣಿಸಿದ ಮಲೆನಾಡಿನವರ ಕಣ್ಣು, ಈ ಒಂದು ವಿಷಯದಲ್ಲಿ, ಲಿನೇಯಸ್ಸಿನ ಕಣ್ಣಿಗಿಂತ ಚುರುಕಾಗಿತ್ತು.

ಡ್ರಾಕೋ ಕುಲದೊಳಗೆ ಲಿನೇಯಸ್ ಎರಡು ಪ್ರಭೇದಗಳನ್ನು ಹೆಸರಿಸಿದ: 'ವೋಲಾನ್ಸ್' ಮತ್ತು 'ಪ್ರೀಪೋಸ್'. ಮೊದಲನೆಯದರಲ್ಲಿ ತೋಳು ರೆಕ್ಕೆಯಿಂದ ಬೇರೆ, ಎರಡನೆಯದರಲ್ಲಿ ರೆಕ್ಕೆ ತೋಳಿಗೆ ಅಂಟಿಕೊಂಡಿದೆ ಎಂಬುದು ಅವನು ಕೊಟ್ಟ ವ್ಯತ್ಯಾಸ. ಎರಡನೆಯದು ಚಿತ್ರವೊಂದನ್ನು ನಂಬಿ ಮಾಡಿದ ಪ್ರಭೇದ. ಹಾರುವ ಓತಿಗಳಲ್ಲಿ ಯಾವುದರ ತೋಳೂ ರೆಕ್ಕೆಗೆ ಬೆಳೆದು ಕೂಡಿಕೊಂಡಿಲ್ಲ. ಆದರೆ ಈ ತಪ್ಪಿಗೆ ಅನಿರೀಕ್ಷಿತವಾದ ಉತ್ತರಭಾಗವೊಂದಿದೆ, ಅದು ನಡೆದದ್ದು ನಮ್ಮ ಆಗುಂಬೆಯಲ್ಲಿ. ಮ್ಯಾಕ್ಸಿಮಿಲಿಯನ್ ಡೇಲಿಂಗ್ ಎಂಬ ಜರ್ಮನ್ ಜೀವವಿಜ್ಞಾನಿ ಅಲ್ಲಿನ ಓತಿಗಳು ತೇಲುವುದನ್ನು ಕ್ಯಾಮೆರಾದಲ್ಲಿ ಹಿಡಿದು 2017ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಓತಿ ಮರ ಬಿಟ್ಟ ಕೂಡಲೇ ಮುಂಗಾಲುಗಳನ್ನು ಹಿಂದಕ್ಕೆ ಚಾಚಿ, ರೆಕ್ಕೆಯ ಮುಂದಿನ ಅಂಚನ್ನು ಬೆರಳುಗಳಿಂದ ಹಿಡಿದುಕೊಳ್ಳುತ್ತದೆ. ಹಾರುವಷ್ಟು ಹೊತ್ತೂ ತೋಳು ಮತ್ತು ಪೊರೆ ಸೇರಿ ಒಂದೇ ರೆಕ್ಕೆ. ಮರ ಮುಟ್ಟುವ ಮುನ್ನ ಕೈ ಬಿಡುತ್ತದೆ. ಸತ್ತ ಓತಿಯಲ್ಲಿ ಇಲ್ಲದ ಜೋಡಣೆ ಬದುಕಿರುವ ಓತಿಯಲ್ಲಿದೆ. ಮೂರು ಶತಮಾನಗಳ ಕಾಲ ಶೀಶೆಯೊಳಗಿನ ಮಾದರಿಗಳನ್ನು ನೋಡುತ್ತ ಬಂದ ವಿಜ್ಞಾನಕ್ಕೆ ಇದು ಕಾಣಿಸಿದ್ದು ತೀರಾ ಈಚೆಗೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ರಭೇದಗಳ ಗೊಂದಲಕ್ಕೂ ಇದೇ ಕಾರಣವೆಂದು ಕಾಣುತ್ತದೆ.

ಈಗ ರೆಕ್ಕೆಗೇ ಬರೋಣ. ಡ್ರಾಕೋ ಕುಲದ ರೆಕ್ಕೆಗೆ ಆಧಾರ ಪಕ್ಕೆಲುಬುಗಳು. ಐದರಿಂದ ಏಳು ಜೊತೆ ಪಕ್ಕೆಲುಬುಗಳು ಮೈಯಿಂದಾಚೆಗೆ ಉದ್ದವಾಗಿ ಬೆಳೆದು, ಅವುಗಳ ಮೇಲೆ ಚರ್ಮ ಹರಡಿಕೊಂಡು, ಬೇಕೆಂದಾಗ ಬಿಚ್ಚಿ ಬೇಡವೆಂದಾಗ ಮಡಚಬಲ್ಲ ಪೊರೆಯಾಗಿದೆ. ಇಂಥ ವಿಚಿತ್ರ ರಚನೆ ಇರುವವೆಲ್ಲ ಒಂದೇ ಕುಲ ಎನ್ನುವುದು ಸಹಜವೆನಿಸುತ್ತದೆ. ಆದರೆ ಈ ರಚನೆ ಭೂಮಿಯ ಮೇಲೆ ಒಂದೇ ಸಲ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಟ್ರಯಾಸಿಕ್ ಯುಗದ ಬಂಡೆಗಳಲ್ಲಿ ಸಿಕ್ಕ ಕ್ಯೂನಿಯೋಸಾರಸ್, ಅಮೆರಿಕದ ನ್ಯೂಜೆರ್ಸಿಯಲ್ಲಿ 1960ರಲ್ಲಿ ಹದಿಹರೆಯದ ಹುಡುಗನೊಬ್ಬನ ಕೈಗೆ ಸಿಕ್ಕ ಇಕಾರೋಸಾರಸ್, ಇವೆರಡಕ್ಕೂ ಪಕ್ಕೆಲುಬಿನ ರೆಕ್ಕೆಯಿತ್ತು. ಎರಡೂ ಇಂದಿನ ಹಲ್ಲಿ-ಓತಿಗಳ ಸಾಲಿನವಲ್ಲ. ಚೀನಾದ ಲಿಯಾವೋನಿಂಗ್ ಪ್ರಾಂತ್ಯದಿಂದ 2007ರಲ್ಲಿ ವರದಿಯಾದ ಶಿಯಾಂಗ್‌ಲಾಂಗ್ ಕ್ರಿಟೇಶಿಯಸ್ ಯುಗದ್ದು. ಅದು ಹಲ್ಲಿಯೆಂದೇ ವರದಿಯಾಯಿತು, ಅದಕ್ಕೂ ಪಕ್ಕೆಲುಬಿನ ರೆಕ್ಕೆ. ಡ್ರಾಕೋದ ಪೂರ್ವಜ ಮಾತ್ರ ಅದಲ್ಲ. ಈ ಮೂರನ್ನೂ ಜೀವಂತವಾಗಿ ಲಿನೇಯಸ್ಸಿನ ಮೇಜಿನ ಮೇಲೆ ಇಟ್ಟಿದ್ದರೆ ಅವನು ಕ್ಷಣವೂ ಯೋಚಿಸದೆ ಡ್ರಾಕೋ ಕುಲಕ್ಕೆ ಸೇರಿಸುತ್ತಿದ್ದ. ಕೋಟಿಗಟ್ಟಲೆ ವರ್ಷಗಳ ಅಂತರದ, ಬೇರೆ ಬೇರೆ ಬುಡದ ಪ್ರಾಣಿಗಳು ಒಂದೇ ಕುಲವಾಗಿಬಿಡುತ್ತಿದ್ದವು.

ಹೀಗಾಗಿ ಡ್ರಾಕೋ ಕುಲವನ್ನು ರೆಕ್ಕೆ ಕಾಪಾಡಿತು ಎನ್ನುವುದು ಅರ್ಧ ಸತ್ಯ. ಇಂದು ಬದುಕಿರುವ ಹಾರುವ ಓತಿಗಳಲ್ಲಿ ಆ ರೆಕ್ಕೆ ಒಂದೇ ಪೂರ್ವಜನಿಂದ ಇಳಿದುಬಂದಿದೆ ಎಂಬ ಸಂಗತಿಯೇ ಅದನ್ನು ಕಾಪಾಡಿದ್ದು. ಲಿನೇಯಸ್ಸಿಗೆ ಆ ಸಂಗತಿ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ವಿಕಾಸವಾದ ಬರಲು ಇನ್ನೂ ನೂರು ವರ್ಷ ಬಾಕಿಯಿತ್ತು. ಅವನ ಊಹೆ ಸರಿಯಾಯಿತು, ಅದಕ್ಕೆ ಅವನು ಕೊಟ್ಟ ಕಾರಣ ಸಾಲದಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಹೆಸರಿಡುವ ಭರಾಟೆಯನ್ನು ಇಲ್ಲಿ ಪೂರ್ತಿ ಹೇಳಬೇಕಿಲ್ಲ. ಹಡಗುಗಳು ಜಾವಾ, ಸುಮಾತ್ರ, ಫಿಲಿಪೈನ್ಸ್, ತಿಮೋರ್‌ಗಳಿಂದ ಮಾದರಿಗಳನ್ನು ತಂದು ಸುರಿದವು. ಯುರೋಪಿನ ಸಂಗ್ರಹಾಲಯಗಳು ಹೆಸರಿಟ್ಟವು. ವೀಗ್ಮನ್ 1834ರಲ್ಲಿ ಕೆಲವು ಓತಿಗಳನ್ನು ಬೇರ್ಪಡಿಸಿ 'ಡ್ರಾಕುಂಕ್ಯುಲಸ್' ಎಂಬ ಹೊಸ ಕುಲ ಮಾಡಿದ, 1843ರಲ್ಲಿ ಫಿಟ್ಸಿಂಗರ್ ಇನ್ನಷ್ಟು ಒಡೆದ. ಆ ಕುಲನಾಮಗಳು ನಿಲ್ಲಲಿಲ್ಲ. ವೀಗ್ಮನ್ ಇಟ್ಟ ಹೆಸರಂತೂ ನಿಲ್ಲುವಂತೆಯೇ ಇರಲಿಲ್ಲ, ಯಾಕೆಂದರೆ 1759ರಷ್ಟು ಹಿಂದೆಯೇ ಅದು ಒಂದು ಹುಳುವಿನ ಪಾಲಾಗಿತ್ತು: ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಜನರನ್ನು ನರಳಿಸಿದ ನಾರುಹುಣ್ಣಿನ ಹುಳು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು, ಹೆಸರು ಮಾತ್ರ ಹುಳುವಿಗೇ ಉಳಿಯಿತು. ಪ್ರಾಣಿಲೋಕದಲ್ಲಿ ಒಂದು ಕುಲನಾಮ ಎರಡು ಕುಲಗಳಿಗೆ ಇರಕೂಡದು, ಮೊದಲು ಪಡೆದದ್ದಕ್ಕೇ ಹಕ್ಕು ಎಂಬುದು ನಿಯಮ.

ನಮ್ಮ ಓತಿಗೆ ಹೆಸರು ಬಂದದ್ದು 1837ರಲ್ಲಿ. ಪ್ಯಾರಿಸ್ಸಿನ ಡ್ಯುಮೇರಿಲ್ ಮತ್ತು ಬಿಬ್ರೋಂ ತಮ್ಮ ಬೃಹತ್ ಉರಗಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಅದನ್ನು 'ಡ್ರಾಕೋ ಡುಸುಮಿಯೇರಿ' ಎಂದು ಕರೆದರು. ಡುಸುಮಿಯೇ ಬೋರ್ಡೋ ನಗರದ ಹಡಗು ಮಾಲೀಕ, ವ್ಯಾಪಾರಿ. ಪೂರ್ವದೇಶಗಳಿಗೆ ಹೋಗಿಬರುವಾಗ ಮೀನು, ಹಕ್ಕಿ, ಉರಗಗಳನ್ನು ಸಂಗ್ರಹಿಸಿ ಪ್ಯಾರಿಸ್ಸಿನ ಸಂಗ್ರಹಾಲಯಕ್ಕೆ ಕೊಡುತ್ತಿದ್ದವನು. ಈ ಓತಿಯ ಊರು ಎಂದು ಪುಸ್ತಕದಲ್ಲಿ ದಾಖಲಾದದ್ದು ಮಲಬಾರ್. ಅದೊಂದೇ ಮಾತು. ಅದರ ಪರಿಣಾಮಕ್ಕೆ ಕೊನೆಯಲ್ಲಿ ಬರುತ್ತೇನೆ.

ಡ್ರಾಕೋ ಕುಲದ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವ ವರ್ಷ 1936. ಆ ವರ್ಷ ಲೈಡನ್ನಿನ 'ಟೆಮಿಂಕಿಯಾ' ಎಂಬ ಪತ್ರಿಕೆಯಲ್ಲಿ ಇಡೀ ಕುಲದ ಪರಿಷ್ಕರಣೆಯೊಂದು ಪ್ರಕಟವಾಯಿತು. ಬರೆದವನು ಜರ್ಮನಿಯ ವಿಲ್ಲಿ ಹೆನ್ನಿಗ್, ವಯಸ್ಸು ಇಪ್ಪತ್ತಮೂರು. ಜೀವವಿಜ್ಞಾನ ಓದಿದವರಿಗೆ ಈ ಹೆಸರಿನ ತೂಕ ಗೊತ್ತಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಇಟಲಿಯಲ್ಲಿ ಯುದ್ಧಕೈದಿಯಾಗಿದ್ದಾಗ ಅವನು ಬರೆಯತೊಡಗಿದ ಪುಸ್ತಕ 1950ರಲ್ಲಿ ಜರ್ಮನ್ ಭಾಷೆಯಲ್ಲಿ ಬಂತು, 1966ರಲ್ಲಿ ಇಂಗ್ಲಿಷಿಗೆ ಬಂತು, ಜಗತ್ತಿನ ವರ್ಗೀಕರಣದ ರೀತಿಯನ್ನೇ ಬದಲಿಸಿತು. ಅವನ ವಾದದ ತಿರುಳು ಇಷ್ಟು: ಒಂದು ಪೂರ್ವಜ ಮತ್ತು ಅದರ ಎಲ್ಲ ಸಂತತಿ ಸೇರಿದ ಗುಂಪಿಗೆ ಮಾತ್ರ ವರ್ಗೀಕರಣದಲ್ಲಿ ಸ್ಥಾನವಿರಬೇಕು. ಅಂಥ ಗುಂಪನ್ನು ಗುರುತಿಸಲು ಯಾವುದೋ ಹೋಲಿಕೆ ಸಾಲದು. ಆ ಗುಂಪಿನಲ್ಲೇ ಹೊಸದಾಗಿ ಹುಟ್ಟಿ ಹಂಚಿಕೊಂಡ ಲಕ್ಷಣ ಬೇಕು. ಹಾರುವ ಓತಿಗಳೆಲ್ಲ ಮರ ಹತ್ತುತ್ತವೆ, ಆದರೆ ಎಷ್ಟೋ ಇತರ ಓತಿಗಳೂ ಹತ್ತುತ್ತವೆ. ಹತ್ತುವ ಗುಣ ಅವುಗಳ ಒಳಸಂಬಂಧಕ್ಕೆ ಸಾಕ್ಷಿಯಾಗದು. ಓತಿಗಳ ನಡುವೆ ಇವುಗಳಲ್ಲಿ ಮಾತ್ರ ಮೂಡಿದ ಪಕ್ಕೆಲುಬಿನ ರೆಕ್ಕೆ ಸಾಕ್ಷಿಯಾಗಬಲ್ಲದು.

ಹೆನ್ನಿಗ್‌ನನ್ನು ನೊಣಗಳ ತಜ್ಞ ಎಂದೇ ಎಲ್ಲರೂ ಹೇಳುತ್ತಾರೆ. ಅದು ನಿಜ, ಮುಂದೆ ಅವನು ಬಾಳಿಡೀ ನೊಣಗಳ ಮೇಲೆ ಕೆಲಸ ಮಾಡಿದ. ಆದರೆ ಅವನ ಆರಂಭದ ಕೆಲಸ ಡ್ರೆಸ್‌ಡೆನ್ ಸಂಗ್ರಹಾಲಯದ ಉರಗಗಳ ಮೇಲೆ. ಅದೇ 1936ರಲ್ಲಿ ಅವನು ಡ್ರಾಕೋ ಕುಲದ ಬಗ್ಗೆ ಇನ್ನೊಂದು ಪ್ರಬಂಧವನ್ನೂ ಬರೆದ. ಅದರ ವಿಷಯ, ಬೇರೆ ಬೇರೆ ದ್ವೀಪಗಳಲ್ಲಿ ಸಮಾನಾಂತರವಾಗಿಯೂ ಒಂದೇ ಕಡೆಗೆ ವಾಲುವಂತೆಯೂ ಮೂಡುವ ರೂಪಭೇದಗಳು. ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತನವಲ್ಲ ಎಂಬ ಎಚ್ಚರ ಅವನಿಗೆ ಹುಟ್ಟಿದ್ದು ಈ ಓತಿಗಳ ಎದುರಿನಲ್ಲೇ ಎಂದು ನಾನು ಎಣಿಸುತ್ತೇನೆ. ಸಾವಿರಾರು ದ್ವೀಪಗಳ ಸಮುದ್ರದಲ್ಲಿ ಹರಡಿ, ಪ್ರತಿ ದ್ವೀಪದಲ್ಲೂ ಚೂರು ಬದಲಾಗಿ, ಎಲ್ಲೋ ದೂರದ ಇನ್ನೊಂದರ ಹಾಗೆ ಕಾಣುವ ಈ ಜೀವಿಗಳನ್ನು ಸಾಲಾಗಿ ಜೋಡಿಸಿ ನೋಡಿದ ತರುಣನಿಗೆ ಬೇರೆ ಪಾಠಶಾಲೆ ಬೇಕಿರಲಿಲ್ಲ.

ಆದರೂ ಆಗಿನ ಹೆನ್ನಿಗ್ ಪ್ರಭೇದಗಳ ವಿಷಯದಲ್ಲಿ ತನ್ನ ಕಾಲದ ಕೂಸು. ಒಂದೊಂದು ದ್ವೀಪದ ರೂಪಕ್ಕೂ ಪ್ರಭೇದದ ಪಟ್ಟ ಕೊಡದೆ, ಅವನ್ನು ದೊಡ್ಡ ಪ್ರಭೇದಗಳ ಕೆಳಗೆ ಉಪಪ್ರಭೇದಗಳಾಗಿ ಸೇರಿಸಿದ. ಸುಮಾತ್ರದ್ದು, ತಿಮೋರ್‌ದ್ದು, ಫಿಲಿಪೈನ್ಸ್‌ನ ಕೆಲವು, ಹೀಗೆ ಎಷ್ಟೋ ಓತಿಗಳು 'ವೋಲಾನ್ಸ್' ಎಂಬ ಒಂದೇ ಹೆಸರಿನ ಕೆಳಗೆ ಬಂದವು. ಸುಲವೇಸಿ ಸುತ್ತಮುತ್ತಲಿನವು 'ಲೀನಿಯೇಟಸ್' ಕೆಳಗೆ. ಮುಂದಿನ ಅರ್ಧ ಶತಮಾನ ಈ ಏರ್ಪಾಟಿನ ನೆರಳಿನಲ್ಲೇ ನಡೆಯಿತು. 1983ರಲ್ಲಿ ಒಂದೇ ವರ್ಷ ಎರಡು ವಿಸ್ತಾರವಾದ ಅಧ್ಯಯನಗಳು ಬಂದವು, ಅಮೆರಿಕದ ರಾಬರ್ಟ್ ಇಂಗರ್‌ದು ಒಂದು, ಹಾಲೆಂಡಿನ ಮಸ್ಟರ್ಸ್‌ದು ಇನ್ನೊಂದು. ಹುರುಪೆ ಎಣಿಸುವುದು, ಪಕ್ಕೆಲುಬು ಎಣಿಸುವುದು, ಮೂಗಿನ ಹೊಳ್ಳೆ ಪಕ್ಕಕ್ಕಿದೆಯೋ ಮೇಲಕ್ಕಿದೆಯೋ, ಕಿವಿಯ ತಮಟೆಯ ಮೇಲೆ ಹುರುಪೆ ಇದೆಯೋ ಇಲ್ಲವೋ ಎಂದು ನೋಡುವುದು, ಇವೇ ಆಗಿನ ಸಾಧನಗಳು.

ಓತಿಗಳು ಒಂದನ್ನೊಂದು ಗುರುತಿಸುವುದು ಹೀಗಲ್ಲ. ಗಂಡು ಓತಿಯ ಗಂಟಲಲ್ಲಿ ಮಡಚಿಟ್ಟ ತೊಗಲೊಂದಿದೆ. ಹೆಣ್ಣು ಕಂಡಾಗ, ಎದುರಾಳಿ ಗಂಡು ಬಂದಾಗ ಅದನ್ನು ಮುಂದಕ್ಕೆ ಚಾಚಿ ಬಾವುಟದಂತೆ ತೋರಿಸುತ್ತದೆ. ನಮ್ಮ ಡುಸುಮಿಯೇರಿಯದು ಹಳದಿ. ಮಲಯ ಪರ್ಯಾಯದ್ವೀಪ, ಬೋರ್ನಿಯೋಗಳ ಒಂದೇ ಕಾಡಿನಲ್ಲಿ ಹಲವು ಪ್ರಭೇದಗಳು ಒಟ್ಟಿಗೆ ಇರುತ್ತವೆ, ಅಲ್ಲಿ ಒಂದರ ಗಂಟಲು ಕಪ್ಪು, ಇನ್ನೊಂದರದು ಹಳದಿ, ಮತ್ತೊಂದರದು ಕೆಂಪು, ಆಕಾರವೂ ಬೇರೆ. ಜೀವಂತವಾಗಿ ನೋಡಿದವರಿಗೆ ಇವು ಬೇರೆ ಬೇರೆ ಎನ್ನುವುದರಲ್ಲಿ ಸಂಶಯ ಬಾರದು. ಆದರೆ ಮದ್ಯಸಾರದ ಶೀಶೆಗೆ ಇಳಿಸಿದ ಮೇಲೆ ಹಳದಿ, ಕೆಂಪು ಬಣ್ಣಗಳು ಮಾಸಿಹೋಗುತ್ತವೆ. ಯುರೋಪಿನ ಸಂಗ್ರಹಾಲಯದಲ್ಲಿ ಕೂತವನ ಮುಂದೆ ಉಳಿದದ್ದು ಬೂದುಬಣ್ಣದ ಒಂದೇ ಬಗೆಯ ಓತಿಗಳ ರಾಶಿ. ಓತಿಗಳಿಗೆ ಅತಿಮುಖ್ಯವಾದ ಗುರುತೇ ವಿಜ್ಞಾನಿಗೆ ಸಿಗದ ಗುರುತಾಯಿತು. ಒಗ್ಗೂಡಿಸುವುದು ಸೋಮಾರಿತನದ ಫಲವೆಂದು ನಾನು ಹೇಳುತ್ತಿಲ್ಲ; ಎದುರಿಗಿದ್ದ ಸಾಕ್ಷ್ಯ ಅಷ್ಟನ್ನೇ ಹೇಳುತ್ತಿತ್ತು.

ಹಾಗೆಂದು ಬಣ್ಣವನ್ನು ಕುರುಡಾಗಿ ನಂಬಿದರೂ ಕೆಡುತ್ತೇವೆ. ಬೋರ್ನಿಯೋದ 'ಡ್ರಾಕೋ ಕಾರ್ನುಟಸ್' ಎಂಬ ಪ್ರಭೇದದಲ್ಲಿ ಕರಾವಳಿಯ ಕಾಂಡ್ಲಾ ಕಾಡಿನ ಓತಿಗಳ ರೆಕ್ಕೆ ಕೆಂಪು, ಒಳನಾಡಿನ ಮಳೆಕಾಡಿನವುಗಳದು ಕಂದು-ಹಸಿರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಉದುರುವ ಎಲೆಗಳ ಬಣ್ಣಕ್ಕೆ ಹೋಲಿಸಿ ನೋಡಿತು. ಕಾಂಡ್ಲಾದಲ್ಲಿ ಕೆಂಪೆಲೆ ಉದುರುತ್ತದೆ, ಮಳೆಕಾಡಿನಲ್ಲಿ ಕಂದು-ಹಸಿರಿನ ಎಲೆ. ತೇಲಿ ಬರುವ ಓತಿ ಹಕ್ಕಿಯ ಕಣ್ಣಿಗೆ ಉದುರುವ ಎಲೆಯಂತೆ ಕಾಣುವುದೇ ಅದಕ್ಕೆ ರಕ್ಷೆ. ಒಂದೇ ಪ್ರಭೇದ, ಎರಡು ಬಣ್ಣದ ರೆಕ್ಕೆ. ಗಂಟಲ ಬಣ್ಣ ಜೊತೆಗಾರ್ತಿಗಾಗಿ, ರೆಕ್ಕೆಯ ಬಣ್ಣ ಬೇಟೆಗಾರನಿಗಾಗಿ. ಮೊದಲನೆಯದು ಪ್ರಭೇದಗಳನ್ನು ಬೇರ್ಪಡಿಸಬಲ್ಲದು, ಎರಡನೆಯದು ಬರೀ ತಾವು ಬದಲಾದರೆ ಬದಲಾಗುತ್ತದೆ. ಯಾವ ಲಕ್ಷಣ ಯಾವ ಕೆಲಸಕ್ಕೆ ಎಂದು ತಿಳಿಯದೆ ಲಕ್ಷಣಗಳ ಪಟ್ಟಿ ಮಾಡಿದರೆ ವರ್ಗೀಕರಣ ಎಷ್ಟು ಉದ್ದವಾದರೂ ದಾರಿ ತಪ್ಪುತ್ತದೆ.

ತಿರುವು ಬಂದದ್ದು ಶೀಶೆಯ ಜೊತೆಗೆ ಕಾಡನ್ನೂ ಡಿಎನ್‌ಎಯನ್ನೂ ನೋಡಿದವರಿಂದ. ಅಮೆರಿಕದ ಜಿಮ್ಮಿ ಮೆಕ್‌ಗ್ವೈರ್ ಮತ್ತು ಫಿಲಿಪೈನ್ಸ್‌ನ ಏಂಜೆಲ್ ಅಲ್ಕಾಲ 2000ದಲ್ಲಿ ಆ ದ್ವೀಪಗಳ ಹಾರುವ ಓತಿಗಳನ್ನು ಪರಿಷ್ಕರಿಸಿ, ಉಪಪ್ರಭೇದಗಳಾಗಿ ಬಿದ್ದಿದ್ದ ರೂಪಗಳಿಗೆ ಪ್ರಭೇದದ ಸ್ಥಾನವನ್ನು ಮರಳಿ ಕೊಟ್ಟರು, ಪಲವಾನ್ ದ್ವೀಪದ ಹೊಸದೊಂದನ್ನು ವರ್ಣಿಸಿದರು. ಮರುವರ್ಷ ಮೆಕ್‌ಗ್ವೈರ್ ಮತ್ತು ಮಲೇಷ್ಯಾದ ಕ್ಯೂ ಬಾಂಗ್ ಹಿಯಾಂಗ್ ಮೈಟೊಕಾಂಡ್ರಿಯಾದ ಡಿಎನ್‌ಎ ಬಳಸಿ ಇಡೀ ಕುಲದ ವಂಶವೃಕ್ಷವನ್ನು ಕಟ್ಟಿದರು. 2007ರಲ್ಲಿ 'ಲೀನಿಯೇಟಸ್' ಗುಂಪಿನ ಸರದಿ ಬಂತು. ಸುಲವೇಸಿಯ ಸುತ್ತಲಿನ ಸಣ್ಣ ದ್ವೀಪಗಳಿಂದ ಎರಡು ಹೊಸ ಪ್ರಭೇದಗಳು ಸೇರಿದವು. ಒಂದು ಕಾಲಕ್ಕೆ ಇಡೀ ದ್ವೀಪಸಮೂಹವನ್ನೇ ಆಳಿದ 'ವೋಲಾನ್ಸ್' ಎಂಬ ಹೆಸರು ಇಂದು ಜಾವಾ ಮತ್ತು ಅದರ ನೆರೆಗೆ ಸೀಮಿತ. ಕುಲದಲ್ಲಿ ಈಗ ಸುಮಾರು 40 ಪ್ರಭೇದಗಳಿವೆ. 1936ರಲ್ಲಿ ಹೆನ್ನಿಗ್ ಕೂಡಿಸಿದ್ದನ್ನು ಬಿಡಿಸಿದವರು ಬಳಸಿದ್ದು ಮುಂದೆ ಅದೇ ಹೆನ್ನಿಗ್ ಕೊಟ್ಟ ತತ್ತ್ವವನ್ನೇ. ವಿದ್ಯೆಯೊಂದಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕಿಲ್ಲ ಎಂದು ನನಗನಿಸುತ್ತದೆ: ಕಟ್ಟಿದವನ ಪಟ್ಟಿಯನ್ನು ಅವನದೇ ಅಳತೆಗೋಲು ತಿದ್ದಿತು.

ಇಲ್ಲಿ ಬರುವ ಆಕ್ಷೇಪವನ್ನು ಹಗುರವಾಗಿ ನೋಡಬಾರದು. ಹೆಸರುಗಳು ಹೀಗೆ ಬದಲಾಗುತ್ತ ಹೋದರೆ ಕಾಡಿನಲ್ಲಿ ಕೆಲಸ ಮಾಡುವವರು, ಕಾನೂನಿನ ಪಟ್ಟಿ ಮಾಡುವವರು, ಶಾಲೆಯ ಪಾಠ ಬರೆಯುವವರು ಏನು ಮಾಡಬೇಕು? ಪಶ್ಚಿಮ ಘಟ್ಟದಲ್ಲಿ ನಾವೆಲ್ಲ 'ಕ್ಯಾಲೋಟಿಸ್ ರೂಕ್ಸಿ' ಎಂದು ಓದಿಕೊಂಡಿದ್ದ ಓತಿ 2018ರಿಂದ 'ಮೊನಿಲೆಸಾರಸ್ ರೂಕ್ಸಿ'. ಹಳೆಯ ಪುಸ್ತಕ ಹಿಡಿದು ಕಾಡಿಗೆ ಹೋದ ವಿದ್ಯಾರ್ಥಿಗೆ ಕಿರಿಕಿರಿಯಾಗುವುದು ನ್ಯಾಯವೇ. ನನ್ನ ನಿಲುವು ಇಷ್ಟು. ಕುಲವೊಂದು ವಂಶದ ಸತ್ಯಕ್ಕೆ ವಿರುದ್ಧವಾಗಿದ್ದರೆ ಹೆಸರು ಬದಲಾಗಲೇಬೇಕು; ರೂಕ್ಸಿ ಮತ್ತು ಅದರ ಹತ್ತಿರದವು ನಿಜವಾದ ಕ್ಯಾಲೋಟಿಸ್‌ಗಳ ಕವಲಿನವಲ್ಲ ಎಂದು ಗೊತ್ತಾದ ಮೇಲೂ ಹಳೆಯ ಹೆಸರನ್ನು ಇಟ್ಟುಕೊಳ್ಳುವುದು ಸುಳ್ಳನ್ನು ಕಲಿಸಿದಂತೆ. ಆದರೆ ಕುಲವೊಂದು ವಂಶದ ಪರೀಕ್ಷೆಯಲ್ಲಿ ಗೆದ್ದಿದ್ದರೆ ಅದನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ. ಡ್ರಾಕೋ ವಂಶವೃಕ್ಷದಲ್ಲಿ ಸ್ಪಷ್ಟವಾದ ಕವಲುಗಳಿವೆ. ಮನಸ್ಸು ಮಾಡಿದರೆ ಒಂದೊಂದು ಕವಲಿಗೂ ಒಂದೊಂದು ಕುಲನಾಮ ಕೊಡಬಹುದಿತ್ತು. ಫಿಟ್ಸಿಂಗರ್ ಬಿಟ್ಟುಹೋದ ಹಳೆಯ ಹೆಸರುಗಳೂ ಧೂಳು ಹಿಡಿದು ಕೂತಿದ್ದವು. ಮೆಕ್‌ಗ್ವೈರ್ ಮತ್ತು ಹಿಯಾಂಗ್ ಆ ಆಸೆಗೆ ಬೀಳದೆ ಒಂದೇ ಕುಲವನ್ನು ಉಳಿಸಿದರು. ಇದು ಸರಿಯಾದ ನಡೆ. ಪ್ರಕೃತಿಯಲ್ಲಿ ಕವಲುಗಳಿವೆ, ಪಟ್ಟಗಳಿಲ್ಲ. ಯಾವ ಕವಲಿಗೆ ಕುಲವೆಂಬ ಪಟ್ಟ ಕೊಡಬೇಕೆನ್ನುವುದು ಮನುಷ್ಯರ ಒಪ್ಪಂದ, ಒಪ್ಪಂದವನ್ನು ಕಾರಣವಿಲ್ಲದೆ ಮುರಿಯಬಾರದು. ಪ್ರಭೇದಗಳ ಮಾತು ಹಾಗಲ್ಲ. ಬೇರೆ ಬೇರೆಯಾಗಿ ಬಾಳುತ್ತಿರುವ ಎರಡು ವಂಶಗಳಿಗೆ ಒಂದೇ ಹೆಸರಿಟ್ಟರೆ, ಸಣ್ಣ ದ್ವೀಪದ್ದೊಂದು ಕಾಡು ಕಡಿದು ನಾಶವಾದರೂ ಪಟ್ಟಿಯಲ್ಲಿ ಯಾವ ಪ್ರಭೇದವೂ ಅಳಿಯುವುದಿಲ್ಲ. ಹೆಸರಿಲ್ಲದ್ದರ ಸಾವಿಗೆ ಲೆಕ್ಕವಿಲ್ಲ. ಮರುಪರಿಶೀಲನೆಯ ಶ್ರಮವೆಲ್ಲ ಸಾರ್ಥಕವಾಗಲು ಈ ಒಂದು ಕಾರಣ ಸಾಕು.

ಈ ಮಾತು ನಮ್ಮ ಮನೆಗೂ ಬರಬೇಕು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಮೇಲೆ ಕನ್ನಡ ಓದುವ ಮನೆಗಳಲ್ಲಿ ಹಾರುವ ಓತಿ ಗೊತ್ತಿಲ್ಲದವರು ಕಡಿಮೆ. ಕಾದಂಬರಿಯಲ್ಲಿ ಅದು ಹುಡುಕಿಕೊಂಡು ಹೋಗಬೇಕಾದ ಅಪರೂಪದ ಜೀವಿ. ತೋಟಗಳಲ್ಲಿ ಅದು ಸುಣ್ಣ ಹೊಡೆದಂತಿರುವ ಅಡಿಕೆ ಕಾಂಡದ ಮೇಲೆ ಇರುವೆ ಹೆಕ್ಕುತ್ತ ಕೂತಿರುತ್ತದೆ, ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ. ವಿಜ್ಞಾನಿಗಳಿಗೆ ಅದರ ಅಚ್ಚರಿ ಬೇರೆ. ಡ್ರಾಕೋ ಕುಲದ ಬಳಗವೆಲ್ಲ ಆಗ್ನೇಯ ಏಷ್ಯಾದಲ್ಲಿ, ಅದರ ಅಂಚು ಈಶಾನ್ಯ ಭಾರತದವರೆಗೆ. ಅಲ್ಲಿಂದ ಸಾವಿರದೈನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಗೋವಾದಿಂದ ದಕ್ಷಿಣಕ್ಕೆ ಪಶ್ಚಿಮ ಘಟ್ಟದಲ್ಲಿ, ಡುಸುಮಿಯೇರಿ ಒಂಟಿಯಾಗಿ ಉಳಿದಿದೆ. ನಡುವಿನ ಒಣನೆಲದಲ್ಲಿ ಬಳಗದ ಯಾರೂ ಇಲ್ಲ. ಇಂಥ ಮುರಿದ ಹಂಚಿಕೆಯನ್ನು ಮೀನುಗಳಲ್ಲಿ ಕಂಡ ಸುಂದರಲಾಲ್ ಹೋರಾ, ಒಂದು ಕಾಲಕ್ಕೆ ಸಾತ್ಪುರ ಬೆಟ್ಟಸಾಲೇ ಎರಡು ತೇವನಾಡುಗಳ ನಡುವಿನ ಸೇತುವೆಯಾಗಿತ್ತು ಎಂದು ವಾದಿಸಿದ್ದರು. ಈಚೆಗೆ, 2023ರಲ್ಲಿ, ಆರ್. ಚೈತನ್ಯ ಮತ್ತು ಸಂಗಡಿಗರು ಏಷ್ಯಾದ ತೇಲುವ ಪ್ರಾಣಿಗಳ ವಿಕಾಸವನ್ನು ಡಿಪ್ಟೆರೋಕಾರ್ಪ್ ಕುಟುಂಬದ ಎತ್ತರದ ಮರಗಳ ಹರಡುವಿಕೆಯ ಜೊತೆ ಹೆಣೆದು ನೋಡಿದರು. ನಮ್ಮ ಸಾಲುಧೂಪ ಆ ಕುಟುಂಬದ್ದೇ. ಕೆಳಗೆ ಕೊಂಬೆಯಿಲ್ಲದೆ ನೆಟ್ಟಗೆ ಏರುವ ಅಂಥ ಮರಗಳ ನಡುವೆ ನೆಲಕ್ಕಿಳಿಯದೆ ಹೋಗಲು ತೇಲುವುದೇ ದಾರಿ. ಅಡಿಕೆಯೂ ನೆಟ್ಟಗಿನ, ಕೊಂಬೆಯಿಲ್ಲದ ಮರವಾದ್ದರಿಂದಲೇ ಓತಿ ಅದಕ್ಕೆ ಒಗ್ಗಿಕೊಂಡಿರಬೇಕು.

1837ರಿಂದ ಇಂದಿನವರೆಗೂ ಘಟ್ಟದ ಉದ್ದಕ್ಕೂ ಇದು ಒಂದೇ ಪ್ರಭೇದವೆಂಬುದು ವಾಡಿಕೆ. ಫಿಲಿಪೈನ್ಸ್, ಸುಲವೇಸಿಗಳ ಅನುಭವ ಕಂಡವರು ಆ ವಾಡಿಕೆಯನ್ನು ಪರೀಕ್ಷಿಸದೆ ಬಿಡಬಾರದು ಎಂಬುದು ನನ್ನ ವಾದ. ಪಾಲಕ್ಕಾಡ್ ಕಣಿವೆ, ಅದಕ್ಕೂ ದಕ್ಷಿಣದ ಶೆಂಕೋಟೆ ಕಣಿವೆ, ಘಟ್ಟದ ಎಷ್ಟೋ ಕಪ್ಪೆ, ಹಲ್ಲಿಗಳ ವಂಶಗಳನ್ನು ಆಚೀಚೆ ಬೇರ್ಪಡಿಸಿವೆ. ಮರದಿಂದ ಮರಕ್ಕೆ ತೇಲುವ ಪ್ರಾಣಿಗೆ ಮರವಿಲ್ಲದ ಕಣಿವೆ ಸಮುದ್ರದಷ್ಟೇ ದೊಡ್ಡ ಅಡ್ಡಿ. ಮಾಡಬೇಕಾದ ಕೆಲಸವೂ ಸ್ಪಷ್ಟವಿದೆ. ಕಣಿವೆಗಳ ಎರಡೂ ಬದಿಯಿಂದ ಡಿಎನ್‌ಎ ಬೇಕು. ಅದಕ್ಕೆ ಓತಿಯನ್ನು ಕೊಲ್ಲಬೇಕಿಲ್ಲ, ಬಾಲದ ತುದಿಯ ಚೂರು ಸಾಕು. ಜೊತೆಗೆ ಬದುಕಿರುವ ಗಂಡಿನ ಗಂಟಲ ತೊಗಲಿನ ಬಣ್ಣ, ಆಕಾರ, ಅದನ್ನು ಚಾಚುವ ಲಯ ಎಲ್ಲವೂ ಸ್ಥಳದಲ್ಲೇ ದಾಖಲಾಗಬೇಕು.

ಆಗ ಡುಸುಮಿಯೇ ಬಿಟ್ಟುಹೋದ ಆ ಒಂದು ಮಾತು ಮುಂದೆ ಬಂದು ನಿಲ್ಲುತ್ತದೆ. ಒಂದು ವೇಳೆ ಘಟ್ಟದಲ್ಲಿರುವುದು ಎರಡು ಪ್ರಭೇದ ಎಂದಾದರೆ ಹಳೆಯ ಹೆಸರು ಯಾವುದಕ್ಕೆ, ಹೊಸದು ಯಾವುದಕ್ಕೆ? ಹೆಸರು ಸೇರುವುದು ಮೊದಲು ವರ್ಣಿಸಿದ ಮೂಲಮಾದರಿಯ ವಂಶಕ್ಕೆ. ಆ ಮಾದರಿಯ ಊರು ಮಲಬಾರ್ ಎಂದರೆ ಅದು ಪಾಲಕ್ಕಾಡ್ ಕಣಿವೆಯ ಉತ್ತರದ್ದೋ ದಕ್ಷಿಣದ್ದೋ ಎಂದು ತೀರ್ಮಾನವಾಗುವುದಿಲ್ಲ. ಹಳೆಯ ವ್ಯಾಪಾರಿಗಳ ಬಾಯಲ್ಲಿ ಆ ಹೆಸರು ಉದ್ದನೆಯ ಕರಾವಳಿಗೆಲ್ಲ ಅನ್ವಯಿಸುತ್ತಿತ್ತು. ನಮ್ಮ ಬೇಲಿಯ ಓತಿಕ್ಯಾತದ ವಿಷಯದಲ್ಲೂ ಇಂಥದೇ ತೊಡಕಿತ್ತು. ಡೊಡಾಂ 1802ರಲ್ಲಿ ಹೆಸರಿಸಿದ 'ಕ್ಯಾಲೋಟಿಸ್ ವರ್ಸಿಕಲರ್' ಎಂಬುದು ಪಾಕಿಸ್ತಾನದಿಂದ ಆಗ್ನೇಯ ಏಷ್ಯಾದವರೆಗಿನ ಓತಿಗಳಿಗೆಲ್ಲ ಒಂದೇ ಹೆಸರಾಗಿತ್ತು. 2016ರಲ್ಲಿ ಭಾರತೀಯ ಸಂಶೋಧಕರು ಪುದುಚೇರಿಯಿಂದ ಹೊಸ ಮೂಲಮಾದರಿಯನ್ನು ಗೊತ್ತುಮಾಡಿ ಹೆಸರನ್ನು ಒಂದು ಊರಿಗೆ ಕಟ್ಟಿಹಾಕಿದರು; ಆಮೇಲೆಯೇ, 2021ರಲ್ಲಿ, ಆ ಹೆಸರಿನ ಕೆಳಗೆ ಅಡಗಿದ್ದ ಬೇರೆ ಪ್ರಭೇದಗಳನ್ನು ಬಿಡಿಸಿ ಹೇಳುವುದು ಸಾಧ್ಯವಾಯಿತು. ಹಾರುವ ಓತಿಯ ಕೆಲಸ ಇನ್ನೂ ಸುಲಭದ್ದಿರಬಹುದು, ಪ್ಯಾರಿಸ್ಸಿನಲ್ಲಿ ಡುಸುಮಿಯೇಯ ಸಂಗ್ರಹವಿದೆ, ಹಳೆಯ ಮಾದರಿಗಳಿಂದಲೂ ಡಿಎನ್‌ಎ ತೆಗೆಯುವ ವಿಧಾನಗಳು ಈಗ ಬಂದಿವೆ. ಆ ಶೀಶೆಯ ಓತಿಯನ್ನು ಶಿವಮೊಗ್ಗ, ಉತ್ತರ ಕನ್ನಡ, ವಯನಾಡು, ಅಗಸ್ತ್ಯಮಲೆಯ ಓತಿಗಳ ಪಕ್ಕದಲ್ಲಿಟ್ಟು ನೋಡಿದರೆ, ಡ್ಯುಮೇರಿಲ್ ಮತ್ತು ಬಿಬ್ರೋಂ ಕೊಟ್ಟ ಹೆಸರು ಘಟ್ಟದ ಯಾವ ತುಂಡಿನ ಓತಿಗೆ ಸೇರಿದ್ದೆಂದು ಹೇಳಬಹುದು.